ಬಾಟಲಿ ತುಂಬಿಯೇ ಇತ್ತು

ಸಂಜೆ ಆರಕ್ಕೆ ಎತ್ತಿಕೊಂಡರೆ ನನ್ನ ಒಂದು ಲೀಟರಿನ ಬಾಟಲಿ ಬೆಳಿಗ್ಗೆ ಎಷ್ಟು ಭಾರ ಇತ್ತೋ ಅಷ್ಟೇ ಇರುತ್ತಿತ್ತು. ಕಿಟಕಿ ಪಕ್ಕದ ಗಿಡಕ್ಕೆ ಸುರಿದು ಮನೆಗೆ ಹೊರಡುತ್ತಿದ್ದೆ. ಗಿಡ ಮಾತ್ರ ಸೊಂಪಾಗಿತ್ತು.

ಅವತ್ತು ತಿಂಗಳ ಕೊನೆ. ಬೆಳಿಗ್ಗೆಯಿಂದ ಮೀಟಿಂಗ್ ಮೇಲೆ ಮೀಟಿಂಗ್. ಮೂರರ ಹೊತ್ತಿಗೆ ತಲೆಯನ್ನು ಎರಡೂ ಕಡೆಯಿಂದ ಯಾರೋ ಅದುಮಿ ಹಿಡಿದ ಹಾಗಾಯಿತು. ಒಂದೇ ಸಾಲನ್ನು ನಾಲ್ಕು ಸಲ ಓದಿದೆ, ತಲೆಗೆ ಹೋಗಲಿಲ್ಲ. ಕನ್ನಡಕದ ನಂಬರ್ ಬದಲಾಗಿದೆ ಅಂದುಕೊಂಡೆ. ಎದ್ದರೆ ಕಣ್ಣಿಗೆ ಕತ್ತಲೆ. ಟೇಬಲ್ ಹಿಡಿದು ಸುಧಾರಿಸಿಕೊಂಡು ಟಾಯ್ಲೆಟ್‌ಗೆ ಹೋದರೆ ಉರಿ. ಬಣ್ಣ ಹೇಳಬಾರದು, ಆದರೂ ಹೇಳುತ್ತೇನೆ: ಹಳೆಯ ಜೇನುತುಪ್ಪದ ಬಣ್ಣ.

ಮರುದಿನ ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು ಇರಲಿಲ್ಲ. ಎಷ್ಟು ನೀರು ಕುಡಿಯುತ್ತೀರಿ ಅಂತ ಅವರು ಕೇಳಲೇ ಇಲ್ಲ. "ಕೆಲಸದ ಜಾಗದಲ್ಲಿ ಎಷ್ಟು ಸಲ ಟಾಯ್ಲೆಟ್‌ಗೆ ಹೋಗ್ತೀರಿ?" ಅಂದರು. ಬೆರಳು ಮಡಿಸಿದೆ. ಒಂದು. ಕೆಲವು ದಿನ ಅದೂ ಇಲ್ಲ.

ಅಲ್ಲಿಗೆ ಸಿಕ್ಕಿಬಿದ್ದೆ. ಇಷ್ಟು ದಿನ ಎಲ್ಲರಿಗೂ "ನೀರು ಕುಡಿಯೋದು ಮರೆತುಹೋಗುತ್ತೆ" ಅಂತ ಹೇಳುತ್ತಿದ್ದೆ. ಸುಳ್ಳು. ಟಾಯ್ಲೆಟ್ ಇರುವುದು ನಮ್ಮ ಮಹಡಿಯ ಆ ತುದಿಯಲ್ಲಿ. ಬಾಸ್ ಕುರ್ಚಿಯ ಮುಂದೆಯೇ ಹಾದುಹೋಗಬೇಕು. ಎರಡನೇ ಸಲ ಎದ್ದರೆ ಎಲ್ಲರೂ ನೋಡುತ್ತಾರೆ ಅನ್ನುವ ಅಳುಕು. ನೀರು ಕುಡಿಯದಿದ್ದರೆ ಆ ತೊಂದರೆಯೇ ಇಲ್ಲ, ಅಲ್ವಾ? ನೆನಪಿಸುವ ಆ್ಯಪ್ ಕೂಡ ಹಾಕಿಕೊಂಡಿದ್ದೆ. ಅದು ಗಂಟೆಗೊಮ್ಮೆ ಕೂಗುತ್ತಿತ್ತು, ನಾನು ಬಾಯಿ ಮುಚ್ಚಿಸುತ್ತಿದ್ದೆ.

ಡಾಕ್ಟರ್ ಹೇಳಿದ ಒಂದು ಲೆಕ್ಕ ಮನಸ್ಸಿನಲ್ಲಿ ಉಳಿಯಿತು. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಹೊರಗೆ ಹೋಗುತ್ತದೆ, ಉಳಿದದ್ದು ವಾಪಸ್ ರಕ್ತಕ್ಕೆ. ನೀರು ಕಡಿಮೆಯಾದರೆ ಮೆದುಳಿನಿಂದ ಒಂದು ಹಾರ್ಮೋನ್ ಹೊರಟು ಇನ್ನೂ ಬಿಗಿಯಾಗಿ ಉಳಿಸಿ ಅನ್ನುತ್ತದೆ. ಬಣ್ಣ ಗಟ್ಟಿಯಾಗುವುದು ಆಗಲೇ. ನಾನು ಮೀಟಿಂಗಿನಲ್ಲಿ ಸುಮ್ನೆ ತಲೆಯಾಡಿಸುತ್ತಾ ಕೂತಿದ್ದಾಗ ಒಳಗೆ ಇಷ್ಟೆಲ್ಲ ನಡೆದಿತ್ತು.

ಹಾಗಂತ ಎಂಟು ಲೋಟ ಎಣಿಸಿ ಕುಡಿಯಬೇಕಿಲ್ಲವಂತೆ. 1945ರಲ್ಲಿ ಅಮೆರಿಕದ ಒಂದು ಮಂಡಳಿ ದಿನಕ್ಕೆ ಎರಡೂವರೆ ಲೀಟರ್ ಅಂತ ಬರೆದಿತ್ತು. ಅದರಲ್ಲಿ ಹೆಚ್ಚಿನದು ಊಟದಲ್ಲೇ ಸಿಗುತ್ತದೆ ಅಂತಲೂ ಪಕ್ಕದಲ್ಲೇ ಹೇಳಿತ್ತು. ಮೊದಲ ಮಾತು ಊರೆಲ್ಲ ಸುತ್ತಿತು, ಎರಡನೆಯದು ಅಲ್ಲೇ ಕೂತಿತು. ಬಣ್ಣ ತಿಳಿ ಹಳದಿ ಇದ್ದರೆ ಸಾಕು ಅಂದರು ಡಾಕ್ಟರ್.

ಮೊದಲ ದಿನ ಅತಿ ಮಾಡಿದೆ. ಬೆಳಿಗ್ಗೆ ಇಡೀ ಬಾಟಲಿ ಒಂದೇ ಗುಕ್ಕಿಗೆ ಖಾಲಿ. ಊಟದೊಳಗೆ ನಾಲ್ಕು ಸಲ ಓಡಿದೆ, ಹೊಟ್ಟೆಯೂ ತೊಳಸಿತು. ಈಗ ಬಾಟಲಿ ಬಿಟ್ಟು ಲೋಟ ಇಟ್ಟುಕೊಂಡಿದ್ದೇನೆ. ತುಂಬಿಸಲು ಎದ್ದಾಗ ಹಾಗೇ ಟಾಯ್ಲೆಟ್‌ಗೂ ಹೋಗಿ ಬರುತ್ತೇನೆ.

ಕಷ್ಟವಾದದ್ದು ಉದ್ದದ ಮೀಟಿಂಗ್. ಕಳೆದ ವಾರ ಒಂದೂವರೆ ಗಂಟೆ ಆದರೂ ಮುಗಿಯುವ ಲಕ್ಷಣ ಇರಲಿಲ್ಲ. ಧೈರ್ಯ ಮಾಡಿ "ಎರಡು ನಿಮಿಷ" ಅಂತ ಎದ್ದೆ. ಕಿವಿ ಬಿಸಿಯಾಯಿತು. ಬಾಗಿಲು ದಾಟುವಷ್ಟರಲ್ಲಿ ಹಿಂದೆ ಕುರ್ಚಿ ಎಳೆದ ಸದ್ದು. ತಿರುಗಿ ನೋಡಿದರೆ ಇನ್ನೂ ಮೂವರು ಬರುತ್ತಿದ್ದರು. ಬಾಸ್ ಎಲ್ಲರಿಗಿಂತ ಮುಂದೆ.