ಹೊಳೆ ಬೇಡ ಅಂದ ದಿನ

2019ರ ಆಗಸ್ಟ್. ಆ ತಿಂಗಳು ಶುರುವಾದಾಗ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಈ ಸಲ ತುಂಬುತ್ತೋ ಇಲ್ಲವೋ ಅನ್ನುವುದೇ ಮಂಡ್ಯದ ಟೀ ಅಂಗಡಿಗಳಲ್ಲೆಲ್ಲ ಮಾತು. ಆಮೇಲೆ ಕೊಡಗಿನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಕೆಲವೇ ದಿನಕ್ಕೆ ಗೇಟು ಎತ್ತಿ, ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಹೊಳೆಗೆ ಬಿಟ್ಟರು. ನಮ್ಮಲ್ಲಿ ಬಿಸಿಲು ಕಾಯುತ್ತಿತ್ತು. ನಮ್ಮ ಕಡೆ ಕಾವೇರಿ ಉಕ್ಕುವುದು ಹೀಗೇ, ತಲೆ ಮೇಲೆ ಒಂದು ಮೋಡವಿಲ್ಲದೆ.

ಟಿವಿಯಲ್ಲಿ ಸುದ್ದಿ ಬಂದದ್ದೇ ಅಪ್ಪ ಎದ್ದು ಷರ್ಟು ಹಾಕಿಕೊಂಡ. "ನಡಿಯವ್ವ, ಪಟ್ಣಕ್ಕೆ ಹೋಗಿ ಸೇತುವೆ ನೋಡ್ಕ ಬರಾನ" ಅಂದ. ಪಟ್ಣ ಅಂದರೆ ನಮ್ಮ ಕಡೆ ಶ್ರೀರಂಗಪಟ್ಟಣ. ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗ್‌ಮನ್ ಆಗಿ ಸೇರಿ, ಹಳಿ ನೋಡಿಕೊಂಡು ನಡೆಯುವ ಕೀಮ್ಯಾನ್ ಆಗಿ, ರಿಟೈರ್ ಆಗಿ ಬಹಳ ವರ್ಷ ಆಗಿತ್ತು. ಮಂಡಿ ನೋವು ಬೇರೆ. ಆದರೆ ಹೊಳೆ ಬಂತು ಅಂದರೆ ಮನೆಯಲ್ಲಿ ಕೂರುವವನಲ್ಲ. ರೈಲಿಗೇ ಹೋಗೋಣ ಅಂದೆ. "ರೈಲಲ್ಲಿ ಹೋದ್ರೆ ಸೇತುವೆ ಮ್ಯಾಲಿರ್ತೀವಿ, ಸೇತುವೆ ಎಲ್ಲಿ ಕಂಡಾತು?" ಅಂದ. ಬಸ್ಸು ಹತ್ತಿ ಕಿರಂಗೂರಿನ ಕಡೆಯೇ ಇಳಿದುಕೊಂಡೆವು.

ವೆಲ್ಲೆಸ್ಲಿ ಸೇತುವೆ ಹತ್ತಿರ ಪೊಲೀಸರು ಅಡ್ಡಗಟ್ಟೆ ಹಾಕಿ ಜನರನ್ನು ತಡೆದಿದ್ದರು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲು ಸೇತುವೆ ಅದು. ಕಲ್ಲು ಕಂಬ, ಅದರ ಮೇಲೆ ಕಲ್ಲು ತೊಲೆ, ಅದರ ಮೇಲೆ ಕಲ್ಲು ಚಪ್ಪಡಿ. ಎತ್ತರ ಕಡಿಮೆ, ಹಾಗಾಗಿ ದೊಡ್ಡ ನೆರೆ ಬಂದಾಗ ಮುಳುಗುತ್ತದೆ. ಅವತ್ತೂ ಮುಳುಗಿತ್ತು. ಕೆಂಪು ನೀರು ಅದರ ಮೇಲೆ ಹಾದು ಆಚೆ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಇನ್ನೂರು ವರ್ಷ ಎಷ್ಟು ಸಲ ಮುಳುಗಿ ಎದ್ದಿದೆಯೋ. ಜನ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದರು. ಅಪ್ಪ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನಿಗೆ ಬೇಕಾಗಿದ್ದದ್ದು ರೈಲು ಸೇತುವೆ.

ದಂಡೆಯಲ್ಲಿ ಸೇತುವೆ ಕಾಣುವ ಒಂದು ಜಾಗ ಹುಡುಕಿ, ಒಂದು ಕಲ್ಲಿನ ಮೇಲೆ ಟವಲ್ಲು ಹಾಸಿ ಕೂತ. ಕಣ್ಣು ಕಂಬಗಳ ಮೇಲೆ. ರೈಲು ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಒಂದು ಗುರುತು ಎಳೆದಿರುತ್ತಾರೆ. ನೀರು ಅದನ್ನು ಮುಟ್ಟಿತು ಅಂದರೆ ಅಪಾಯ. ಗುರುತಿಗೂ ನೀರಿಗೂ ಇನ್ನೂ ಅಂತರ ಇದೆ ಅಂತ ಕಂಡ ಮೇಲೆ ಅಪ್ಪನ ಮುಖ ಸಡಿಲವಾಯಿತು.

"ನೀರು ಎಷ್ಟು ಮ್ಯಾಲೆ ಬಂತು ಅನ್ನೋದ್ ನೋಡ್ತಾರೆ ಎಲ್ಲಾ. ಕಂಬ ಹೋಗೋದು ಬುಡದಲ್ಲಿ ಕಣವ್ವ" ಅಂದ. ರಭಸದ ನೀರು ಕಂಬಕ್ಕೆ ಬಡಿದು ಕೆಳಕ್ಕೆ ಸುತ್ತಿ ಅಡಿಯ ಮಣ್ಣು ಮರಳನ್ನು ಕೊರೆಯುತ್ತದೆ. ಮೇಲೆ ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ. ನೆರೆ ಇಳಿದ ಮೇಲೇ ಎಷ್ಟು ಕೊರೆದಿದೆ ಅಂತ ಗೊತ್ತಾಗುವುದು. ಪಟ್ಟಣದ ಹತ್ತಿರ ಹೊಳೆಯ ತಳ ಬಂಡೆ, ಅದೇ ಇಲ್ಲಿಯ ಪುಣ್ಯ ಅನ್ನುತ್ತಿದ್ದ. ಇನ್ನೊಂದು ಭಯ ಮರ. ಬೇರು ಸಮೇತ ತೇಲಿ ಬಂದ ಮರ ಎರಡು ಕಂಬದ ನಡುವೆ ಸಿಕ್ಕಿಕೊಂಡರೆ ಹಿಂದಿನ ನೀರೆಲ್ಲ ಅದನ್ನೇ ಒತ್ತುತ್ತದೆ.

ಈ ದಾರಿಯ ಬಗ್ಗೆ ಅಪ್ಪನಿಗೆ ಇರುವ ಪ್ರೀತಿ ನನಗೆ ಚಿಕ್ಕಂದಿನಿಂದ ಗೊತ್ತು. 1876-78ರ ಆ ಭೀಕರ ಬರದಲ್ಲಿ, ಹಸಿದ ಜನಕ್ಕೆ ಕೂಲಿ ಸಿಗಲಿ ಅಂತ ಶುರು ಮಾಡಿದ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲು ದಾರಿಯೂ ಒಂದು. 1882ರಲ್ಲಿ ಮೈಸೂರು ಮುಟ್ಟಿತು. ಮಂಡ್ಯದ ಕಡೆಯಿಂದ ಬಂದ ರೈಲು ಹೊಳೆಯ ಒಂದು ಕವಲು ದಾಟಿ ದ್ವೀಪಕ್ಕೆ ಇಳಿಯುತ್ತದೆ, ಹಳೇ ಕೋಟೆಯ ನಡುವೆಯೇ ಹಾದು, ಪಶ್ಚಿಮವಾಹಿನಿಯ ಹತ್ತಿರ ಇನ್ನೊಂದು ಕವಲು ದಾಟುತ್ತದೆ. ಹಸಿದವರು ಮಣ್ಣು ಹೊತ್ತ ದಾರಿ ಇದು ಅಂತ ಅಪ್ಪ ಹಳಿ ಮೇಲೆ ಕಾಲಿಡುವ ಮುಂಚೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. 1993ರಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಆಮೇಲೆ ಜೋಡಿ ಹಳಿ. ಅದಕ್ಕೆ ಅಡ್ಡ ಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ ಇಡಿಯಾಗಿ ಎತ್ತಿ ಸರಿಸಿದರು. ಅದನ್ನು ನೋಡಲೂ ನಾವಿಬ್ಬರೂ ಹೋಗಿದ್ದೆವು.

ನಂಜನಗೂಡಿನ ಮಾತು ತೆಗೆದರಂತೂ ಅಪ್ಪ ನಿಲ್ಲಿಸುವುದಿಲ್ಲ. ಕೆಲ ಕಾಲ ಆ ಲೈನಿನಲ್ಲೂ ದುಡಿದಿದ್ದ. ಅಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜರ ಕಾಲಕ್ಕೆ ಕಟ್ಟಿದ ಸೇತುವೆ ಇದೆ. ರೈಲು ಅನ್ನುವುದೇ ಲೋಕದಲ್ಲಿ ಇಲ್ಲದಾಗ, ಎತ್ತಿನ ಗಾಡಿಗೂ ಯಾತ್ರೆಯ ಜನಕ್ಕೂ ಅಂತ ಕಟ್ಟಿದ್ದು. ಒಂದೂವರೆ ಶತಮಾನ ಕಳೆದ ಮೇಲೆ ಅದರ ಮೇಲೆ ಹಳಿ ಹಾಕಿ ರೈಲು ಓಡಿಸಿದರು, ಪಕ್ಕದಲ್ಲೇ ಗಾಡಿ, ಬಸ್ಸು. ಬ್ರಾಡ್‌ಗೇಜ್ ಬರುವವರೆಗೂ ಆ ಸೇತುವೆ ರೈಲನ್ನು ಹೊತ್ತಿತು. ಮುಂದೆ ಏನು ಬರುತ್ತದೋ ಗೊತ್ತಿಲ್ಲದೆಯೂ ಅಷ್ಟು ಗಟ್ಟಿಯಾಗಿ ಕಟ್ಟಿದವರಿಗೆ ಅಪ್ಪ ಈಗಲೂ ಕೈ ಮುಗಿಯುತ್ತಾನೆ. ನಾನೂ.

ಆದರೆ ಅವತ್ತು ಕಲ್ಲಿನ ಮೇಲೆ ಕೂತಾಗ ಅಪ್ಪ ಬೇರೆ ಒಂದು ವಿಷಯ ಹೇಳಿದ. ಅದನ್ನು ಹೇಳುವ ಮುಂಚೆ ನನ್ನ ಅವ್ವನ ತೌರಿನ ಸಂಗತಿ ಹೇಳಬೇಕು.

ನಮ್ಮೂರು ಶ್ರೀರಂಗಪಟ್ಟಣದಿಂದ ಕೆಳಗೆ, ಬನ್ನೂರಿನ ಕಡೆ, ಹೊಳೆಯ ಈ ದಡ. ಅವ್ವನ ತೌರು ಆ ದಡ. ನಮ್ಮ ಕಡವಿನಲ್ಲಿ ನಿಂತರೆ ತಾತನ ತೆಂಗಿನ ಮರ ಕಾಣುತ್ತಿತ್ತು. ಹರಿಗೋಲಿನಲ್ಲಿ ಕೂತರೆ ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಆಚೆ ದಡ. ಬಸ್ಸಿನಲ್ಲಾದರೆ ಪಟ್ಟಣಕ್ಕೆ ಬಂದು, ಮೈಸೂರಿಗೆ ಹೋಗಿ, ಅಲ್ಲಿಂದ ಮತ್ತೊಂದು ಬಸ್ಸು ಕಾದು, ಅರ್ಧ ದಿನ ಹೋಗುತ್ತಿತ್ತು. ಬಿದಿರು ಸೀಳಿ ಹೆಣೆದು, ಮೇಲೆ ಟಾರ್ಪಾಲು ಹೊದಿಸಿ ಡಾಂಬರು ಬಳಿದ ಹರಿಗೋಲು. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ಅದಕ್ಕೆ ಮುಂದು ಹಿಂದು ಅಂತಿಲ್ಲ, ಸುಮ್ಮನೆ ಬಿಟ್ಟರೆ ಬುಗುರಿ ಥರ ತಿರುಗುತ್ತದೆ. ಅಂಬಿಗಜ್ಜ ಅದನ್ನು ಆಮೆ ಚಿಪ್ಪಿನ ಹಾಗೆ ಬೆನ್ನ ಮೇಲೆ ಕವುಚಿಕೊಂಡು ದಂಡೆಯಲ್ಲೇ ಮೇಲಕ್ಕೆ ಸಾಕಷ್ಟು ದೂರ ನಡೆದು ಹೋಗಿ, ಅಲ್ಲಿ ನೀರಿಗೆ ಬಿಡುತ್ತಿದ್ದ. ಆಮೇಲೆ ಮೊಣಕಾಲೂರಿ ಕೂತು ಹುಟ್ಟನ್ನು ತನ್ನ ಕಡೆಗೆ ಎಳೆದೆಳೆದು ಹಾಕುತ್ತಾ, ನೀರಿನ ಜೊತೆ ಓರೆಯಾಗಿ ಇಳಿದು, ಸರಿಯಾಗಿ ತಾತನ ಊರಿನ ಅರಳಿ ಕಟ್ಟೆ ಎದುರಿಗೇ ಹಚ್ಚುತ್ತಿದ್ದ. ಆಡು, ಸೈಕಲ್ಲು, ರಾಗಿ ಮೂಟೆ, ಬಸುರಿ ಹೆಂಗಸರು, ಎಲ್ಲರೂ ಅದರಲ್ಲೇ. ಊರವರಿಂದ ದಿನಾ ಕಾಸು ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆಗಿಷ್ಟು ಭತ್ತ ಅಳೆದು ಕೊಡುತ್ತಿದ್ದರು.

ನಾನು ಆಗ ಆರನೇ ಕ್ಲಾಸು. ಹೊಳೆ ಹೀಗೇ ಬಂದಿತ್ತು. ತಾತ ರಾತ್ರಿ ತೀರಿಕೊಂಡಿದ್ದ. ಸುದ್ದಿ ಹೇಳುವವನು ಮೈಸೂರು ಬಳಸಿ ಬಂದು ನಮ್ಮ ಬಾಗಿಲಿಗೆ ನಿಂತಾಗ ಮಧ್ಯಾಹ್ನ. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡುತ್ತಾರೆ, ಬಸ್ಸಿಗೆ ಹೋದರೆ ಸಿಗುವುದಿಲ್ಲ. ಅವ್ವ ತಲೆ ಬಾಚಿಕೊಳ್ಳದೆ ಕಡವಿಗೆ ಓಡಿದಳು. ಹಿಂದೆ ಅಪ್ಪ, ನಾನು.

ಅಂಬಿಗಜ್ಜ ಹರಿಗೋಲನ್ನು ದಡದಿಂದ ಮೇಲಕ್ಕೆ ಎಳೆದು, ಮರಕ್ಕೆ ಕಟ್ಟಿ, ಕವುಚಿ ಹಾಕಿದ್ದ. "ಇವತ್ತು ಬ್ಯಾಡ ಕಣವ್ವ" ಅಂದ. ಅವ್ವ ಬೇಡಿಕೊಂಡಳು. ಬೈದಳು. ಕಾಲು ಹಿಡಿಯಲು ಹೋದಳು. ಅಜ್ಜ ಹಿಂದೆ ಸರಿದು, "ನನ್ ಮಗಳಾಗಿದ್ರೂ ಬಿಡ್ತಿರ್ಲಿಲ್ಲ ಕಣ್ ತಾಯಿ. ಹೊಳೆ ಮಾತ್ ಕೇಳಂಗಿಲ್ಲ" ಅಂದ. ಅಷ್ಟೇ. ಅವ್ವ ಅಪ್ಪನ ಕಡೆ ತಿರುಗಿ, ನೀನಾದರೂ ಹೇಳು ಅಂದಳು. ಅಪ್ಪ ಬಾಯಿ ಬಿಡಲಿಲ್ಲ.

ತಾತನ ಹೊಲ ಹೊಳೆ ದಂಡೆಯಲ್ಲೇ ಇತ್ತು. ಸಂಜೆ ಅಲ್ಲಿಗೆ ಜನ ಸಾಲಾಗಿ ಹೋಗುವುದು ನಮಗೆ ಕಾಣಿಸಿತು, ನಡುವೆ ಚಟ್ಟದ ಹೂವು. ಗಾಳಿ ಈ ಕಡೆ ತಿರುಗಿದಾಗ ತಮಟೆ ಸದ್ದು ಒಂದೆರಡು ಏಟು ಕೇಳಿ, ಮತ್ತೆ ನೀರಿನ ಸದ್ದಿನಲ್ಲಿ ಹೋಗುತ್ತಿತ್ತು. ಅವ್ವ ನಮ್ಮ ದಡದ ಮಣ್ಣನ್ನೇ ಒಂದು ಹಿಡಿ ತೆಗೆದು ನೀರಿಗೆ ಹಾಕಿದಳು.

ಮೂರನೇ ದಿನಕ್ಕೆ ನೀರು ಇಳಿದಿತ್ತು. ಹಾಲುತುಪ್ಪಕ್ಕೆ ಅಜ್ಜನೇ ಬೆಳಗ್ಗೆ ಮನೆ ಹತ್ತಿರ ಬಂದು ಕರೆದುಕೊಂಡು ಹೋಗಿ ದಾಟಿಸಿದ. ಹಾದಿಯುದ್ದಕ್ಕೂ ಅವ್ವ ಅವನ ಜೊತೆ ಮಾತಾಡಲಿಲ್ಲ. ಆಮೇಲೂ ಬಹಳ ವರ್ಷ ಮಾತಾಡಲಿಲ್ಲ. ಅಪ್ಪನ ಮೇಲೂ ಅವಳಿಗೆ ಅದೊಂದು ಸಿಟ್ಟು ಉಳಿಯಿತು. ನನಗೂ ಉಳಿಯಿತು. ಅಪ್ಪ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಅಜ್ಜ ಬಿಡುತ್ತಿದ್ದ ಅಂತಲೇ ನಾನು ಬೆಳೆದದ್ದು.

ಅವತ್ತು ದಂಡೆಯಲ್ಲಿ ಅದನ್ನೇ ಕೇಳಿದೆ. ಯಾಕೆ ಸುಮ್ಮನಿದ್ದೆ ಅಪ್ಪ, ಅಂತ. ಅವನು ಸೇತುವೆ ನೋಡುತ್ತಲೇ ಹೇಳಿದ.

ತಾತ ಹೋಗುವುದಕ್ಕೆ ಒಂದೆರಡು ವರ್ಷ ಹಿಂದಿನ ಮಾತು. ನೆರೆ ಬಂದಾಗ ಸೇತುವೆಗೆ ರಾತ್ರಿ ಕಾವಲು ಹಾಕುತ್ತಾರೆ. ಅಪ್ಪನ ಸರದಿ. ಕೈಯಲ್ಲಿ ದೀಪ, ಚೀಲದಲ್ಲಿ ಪಟಾಕಿ. ಹಳಿಗೆ ಕಟ್ಟುವ ಪಟಾಕಿ ಅದು, ಗಾಡಿ ಚಕ್ರ ಹತ್ತಿದರೆ ಸಿಡಿದು ಡ್ರೈವರನಿಗೆ ನಿಲ್ಲಿಸು ಅಂತ ತಿಳಿಸುತ್ತದೆ. ನಡುರಾತ್ರಿ ದೊಡ್ಡ ಮರವೊಂದು ಬಂದು ಕಂಬಕ್ಕೆ ಬಡಿಯಿತು. ಮೇಲೆ ನಿಂತ ಅಪ್ಪನ ಕಾಲಿಗೆ ಅದು ಗೊತ್ತಾಯಿತು. ದೀಪ ಬಿಟ್ಟು ನೋಡಿದರೆ ಏನೂ ಕಾಣದು. ಗಾಡಿ ಬರುವ ಹೊತ್ತು. ಓಡಿ ಹೋಗಿ ಹಳಿಗೆ ಪಟಾಕಿ ಕಟ್ಟಿ, ಕೆಂಪು ದೀಪ ಹಿಡಿದು ನಿಂತ. ಗಾಡಿ ನಿಂತಿತು. ಮೇಲಿನವರು ಬಂದು ನೋಡುವ ತನಕ ಜನವೆಲ್ಲ ಕತ್ತಲೆಯಲ್ಲಿ ಕೂತರು. ಬೆಳಗ್ಗೆ ಪರೀಕ್ಷೆ ಮಾಡಿದರೆ ಸೇತುವೆಗೆ ಏನೂ ಆಗಿರಲಿಲ್ಲ. ಹೆದರುಪುಕ್ಕಲ, ಇಷ್ಟಕ್ಕೆಲ್ಲ ಗಾಡಿ ನಿಲ್ಲಿಸ್ತಾರಾ ಅಂತ ಜೊತೆಯವರೇ ಬಹಳ ದಿನ ಆಡಿಕೊಂಡರಂತೆ. ಅವ್ವನಿಗೂ ಇದನ್ನು ಹೇಳಿರಲಿಲ್ಲ.

"ಏನಾರ ಆಗಿದ್ರೆ ಮೆಡಲ್ ಕೊಡ್ತಿದ್ರು. ಏನೂ ಆಗ್ನಿಲ್ವಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಂಬಿಗಜ್ಜಂಗೆ ನಾನ್ ಯಾವ್ ಬಾಯಲ್ಲಿ ಹೇಳ್ಲವ್ವ, ಬಿಡು ಅಂತ?" ಅಂದ.

ಮೂವತ್ತು ವರ್ಷದ ಹತ್ತಿರ ನಾನು ಇವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಗಂಟಲಲ್ಲಿ ನಿಂತಿತು. ಹರಿಗೋಲು ಬಿಟ್ಟಿದ್ದರೆ ಮುಳುಗುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದು ಗೊತ್ತಾಗದ ಹಾಗೆ ಮಾಡಿದ್ದೇ ಆ ಅಜ್ಜ. ಅವನಿಗೆ ಅದಕ್ಕೆ ಸಿಕ್ಕಿದ್ದು ಅವ್ವನ ಮೌನ. ಈಗ ಅವನಿಲ್ಲ. ಹರಿಗೋಲೂ ಇಲ್ಲ.

ಅಷ್ಟರಲ್ಲಿ ಮೈಸೂರು ಕಡೆಗೆ ಹೋಗುವ ಗಾಡಿ ಬಂತು. ಸೇತುವೆ ಹತ್ತಿದಾಗ ಸದ್ದೇ ಬದಲಾಯಿತು. ನಿಧಾನಕ್ಕೆ, ಬಹಳ ನಿಧಾನಕ್ಕೆ ದಾಟಿತು. ಕಿಟಕಿಗಳಿಂದ ಯಾರೋ ಕಾವೇರಿಗೆ ಕಾಸು ಎಸೆದರು, ಇಬ್ಬರು ಹೆಂಗಸರು ಕೈ ಮುಗಿದದ್ದು ಕಂಡಿತು. ಅಪ್ಪ ಮಂಡಿ ಹಿಡಿದುಕೊಂಡು ಎದ್ದು ನಿಂತ. ಕೊನೆಯ ಬೋಗಿ ದಾಟಿ, ಅದರ ಹಿಂದೆ ಎಲ್‌.ವಿ. ಅಂತ ಬರೆದ ಬೋರ್ಡು ಕಾಣುವವರೆಗೂ ನಿಂತೇ ಇದ್ದ. ಲಾಸ್ಟ್ ವೆಹಿಕಲ್, ಕೊನೆಯ ಬೋಗಿ ಅಂತ ಅದರರ್ಥ. ಆ ಬೋರ್ಡು ಕಂಡರೆ ಗಾಡಿ ತುಂಡಾಗದೆ ಪೂರ್ತಿ ಹೋಯಿತು ಅಂತ. ಆಮೇಲೆ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಮನೆಗೆ ಬಂದಾಗ ಕತ್ತಲಾಗಿತ್ತು. ದಾರಿಯಲ್ಲಿ ಅಪ್ಪನ್ನ ಕೇಳಿಯೇ, ಆ ರಾತ್ರಿಯ ಕತೆಯನ್ನು ಅವ್ವನಿಗೆ ನಾನೇ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಅಪ್ಪನ ತಟ್ಟೆಗೆ ರೊಟ್ಟಿ ಹಾಕಿ, ಉಪ್ಪೆಸರು ಬಡಿಸಿ, ಆಮೇಲೆ ಕೇಳಿದಳು:

"ಅಲ್ಲಿ ದೋಣಿ ಹರಿಗೋಲು ಏನಾರ ಬಿಟ್ಟಿದ್ರಾ?"

"ಎಲ್ಲಾ ನಿಲ್ಸವ್ರೆ" ಅಂದ ಅಪ್ಪ.

"ನಿಲ್ಲಿಸ್ಲಿ" ಅಂದಳು ಅವ್ವ. ಅಂದು, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.