ಎಲ್ಲರೂ ಕೇಳುವ ಪ್ರಶ್ನೆ: ಕಡಲ ನೀರಲ್ಲಿರುವ ಚಿನ್ನ, ಯುರೇನಿಯಂ ಯಾಕೆ ತೆಗೆಯುತ್ತಿಲ್ಲ?

"ಸಮುದ್ರದ ನೀರಲ್ಲಿ ಚಿನ್ನ ಇದೆ, ಯುರೇನಿಯಂ ಇದೆ ಅಂತಾರಲ್ಲ, ಮತ್ಯಾಕೆ ಯಾರೂ ತೆಗೀತಿಲ್ಲ?" ಯಾವುದೋ ಸಮುದ್ರಜೀವಿಯನ್ನು ನೋಡಿ ಹೊಸ ವಸ್ತು ತಯಾರಿಸಿದರು ಎಂಬ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಚಿನ್ನದ ಆಸೆ ಬಿಡುವುದು ಒಳ್ಳೆಯದು. ಯುರೇನಿಯಂ ತೆಗೆದು ತೋರಿಸಿದ್ದಾರೆ, ಆದರೆ ಗಣಿಯ ದರಕ್ಕೆ ಅಲ್ಲ. ಲೋಹವನ್ನು ಹಿಡಿಯುವುದು ಈಗ ಅಂಥ ಕಷ್ಟವೇನಲ್ಲ. ಅಷ್ಟು ನೀರನ್ನು ವಸ್ತುವಿನ ಮೈಗೆ ತಾಗಿಸುವುದು, ಹಿಡಿದದ್ದನ್ನು ಬಿಡಿಸಿಕೊಳ್ಳುವುದು, ಅದೇ ವಸ್ತುವನ್ನು ಮತ್ತೆ ಕಡಲಿಗಿಳಿಸುವುದು ಕಷ್ಟ.

ಚಿನ್ನದ ಲೆಕ್ಕ ಬೇಗ ಮುಗಿಯುತ್ತದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಯುದ್ಧಪರಿಹಾರ ತೀರಿಸಲು ಅಲ್ಲಿನ ರಸಾಯನ ವಿಜ್ಞಾನಿ ಫ್ರಿಟ್ಜ್ ಹಾಬರ್ ಕಡಲ ಚಿನ್ನಕ್ಕೆ ಕೈಹಾಕಿದ. ಟನ್ ನೀರಿಗೆ ಕೆಲವು ಮಿಲಿಗ್ರಾಂ ಸಿಗುತ್ತದೆ ಎಂದುಕೊಂಡಿದ್ದವನಿಗೆ ಕಂಡದ್ದು ಸುಮಾರು ಅದರ ಸಾವಿರದಲ್ಲೊಂದು ಪಾಲು. ಇಂದಿನ ಅಳತೆ ಅದಕ್ಕಿಂತಲೂ ಕಡಿಮೆ: ಅಟ್ಲಾಂಟಿಕ್‌ನಲ್ಲಿ ಒಂದು ಗ್ರಾಂ ಚಿನ್ನಕ್ಕೆ ಸುಮಾರು 10 ಕೋಟಿ ಟನ್ ನೀರು ಬೇಕು. ಅಷ್ಟು ನೀರನ್ನು ಬರೀ 10 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ. 70 ಎಂದು ಹಿಡಿದರೂ, ಸುಮಾರು 39 ಲಕ್ಷ ಯೂನಿಟ್ ವಿದ್ಯುತ್ ಬೇಕು. ಒಂದು ಗ್ರಾಂಗೆ!

ಯುರೇನಿಯಂ ಹಾಗಲ್ಲ. ಘನ ಮೀಟರ್ ನೀರಿಗೆ 3.3 ಮಿಲಿಗ್ರಾಂ ಇದೆ; ಎಲ್ಲ ಸಾಗರಗಳದ್ದು ಸೇರಿದರೆ ಸುಮಾರು 450 ಕೋಟಿ ಟನ್. ಕೈಗಾದಂಥ 220 ಮೆಗಾವ್ಯಾಟ್‌ನ ಒಂದು ಘಟಕ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಅಂದಾಜು 40 ಟನ್ ನೈಸರ್ಗಿಕ ಯುರೇನಿಯಂ ಬೇಕು. ಒಂದು ಕಣವನ್ನೂ ಬಿಡದೆ ಹಿಡಿದರೂ ಅದಕ್ಕೆ 12 ಘನ ಕಿಲೋಮೀಟರ್ ನೀರು, ಅಂದರೆ ತುಂಬಿದ ಕೆಆರ್‌ಎಸ್ ಎಂಟು ಒಂಬತ್ತು ಸಲ. ಪಂಪ್ ಮಾಡಿದರೆ? ಒಂದು ಘನ ಮೀಟರ್‌ನಲ್ಲಿರುವ ಯುರೇನಿಯಂ ಇಂಥ ರಿಯಾಕ್ಟರಿನಲ್ಲಿ ಕೊಡುವುದು 0.16 ಯೂನಿಟ್ ವಿದ್ಯುತ್. ಅದೇ ನೀರನ್ನು 10 ಮೀಟರ್ ಎತ್ತಲು 0.04 ಯೂನಿಟ್ ಖರ್ಚು. ಮೂರರಲ್ಲೊಂದು ಪಾಲು ಮಾತ್ರ ಹಿಡಿದರೆ ಬಂದ ವಿದ್ಯುತ್ತಿನ ಬಹುಪಾಲು ಪಂಪಿಗೇ ಹೋಯಿತು. ಅದಕ್ಕೇ ನೀರನ್ನು ತರುವ ಕೆಲಸವನ್ನು ಪ್ರವಾಹಕ್ಕೆ, ಅಲೆಗೆ ಬಿಟ್ಟು, ಹೀರುವ ನಾರನ್ನು ಕಡಲಲ್ಲೇ ಕಟ್ಟುವುದು.

ಜಪಾನಿನವರು ಇದನ್ನು ಮಾಡಿಯೇ ತೋರಿಸಿದರು. ಅಒಮೊರಿ ಪ್ರಾಂತ್ಯದ ಮುತ್ಸು ತೀರದಿಂದ 7 ಕಿ.ಮೀ. ಒಳಗೆ 350 ಕಿಲೋ ಬಟ್ಟೆ ಇಳಿಸಿ, ಒಟ್ಟು 240 ದಿನದ ಮುಳುಗಿಕೆಯಲ್ಲಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಯುರೇನಿಯಂ ಪಡೆದರು. ಕಿಲೋ ಬಟ್ಟೆಗೆ ಸುಮಾರು 3 ಗ್ರಾಂ ಬಿತ್ತು.

ಆ ನಾರು ತಯಾರಾಗುವುದು ಹೀಗೆ. ಪಾಲಿಎಥಿಲೀನ್ ನಾರಿಗೆ ಎಲೆಕ್ಟ್ರಾನ್ ಕಿರಣ ಹಾಯಿಸಿ, ಅದರ ಮೈಮೇಲೆ ಅಕ್ರಿಲೋನೈಟ್ರೈಲ್ ಸರಪಳಿಗಳನ್ನು ಕಸಿಮಾಡುತ್ತಾರೆ. ಮೆಥನಾಲ್ ಮತ್ತು ನೀರು ಸಮಪಾಲು ಬೆರೆಸಿದ ಹೈಡ್ರಾಕ್ಸಿಲಮೀನ್ ದ್ರಾವಣದಲ್ಲಿ 80 ಡಿಗ್ರಿಯಲ್ಲಿ ಇಟ್ಟರೆ ನೈಟ್ರೈಲ್ ಗುಂಪುಗಳು ಅಮಿಡಾಕ್ಸೈಮ್ ಆಗುತ್ತವೆ. ಯುರೇನಿಯಂ ಹಿಡಿಯುವ ಕೈ ಇದೇ. ಕೊನೆಗೆ ಶೇ. 2.5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ, ಮತ್ತೆ 80 ಡಿಗ್ರಿಯಲ್ಲಿ, ಒಂದರಿಂದ ಮೂರು ಗಂಟೆ. ಈ ಹಂತ ಬಿಟ್ಟರೆ ನಾರು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅತಿಯಾಗಿ ಬೇಯಿಸಿದರೆ ಕಸಿಯಾದ ಪದರ ಉಬ್ಬಿ ಲೋಳೆಯಾಗಿ ಕಳಚುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಇಂಥದೊಂದು ನಾರು ನಿಜವಾದ ಕಡಲ ನೀರಲ್ಲಿ 56 ದಿನಕ್ಕೆ ಕಿಲೋಗೆ 3.9 ಗ್ರಾಂ ಹಿಡಿಯಿತು.

ತೊಂದರೆ ಕೊಡುವುದು ವೆನೇಡಿಯಂ ಎಂಬ ಇನ್ನೊಂದು ಲೋಹ. ಕಡಲಲ್ಲಿ ಯುರೇನಿಯಂ ಒಂದು ಪರಮಾಣು ಇದ್ದರೆ ವೆನೇಡಿಯಂ ಎರಡೂವರೆ ಇದೆ. ಯುರೇನಿಯಂ ಒಂಟಿಯಾಗಿರುವುದೂ ಇಲ್ಲ. ಮೂರು ಕಾರ್ಬೊನೇಟ್ ಸುತ್ತುವರಿದು, ಹೊರಗೆ ಕ್ಯಾಲ್ಸಿಯಂ ಅಂಟಿಕೊಂಡಿರುತ್ತದೆ. ಆ ಕೋಟೆ ಒಡೆದು ಅದನ್ನು ಎಳೆಯಬೇಕು. ವೆನೇಡಿಯಂ ಅಮಿಡಾಕ್ಸೈಮ್‌ಗೆ ಎಷ್ಟು ಬಿಗಿಯಾಗಿ ಕೂರುತ್ತದೆಂದರೆ, ಯುರೇನಿಯಂ ಬಿಡಿಸಲು ಸಾಕಾಗುವ ಬೈಕಾರ್ಬೊನೇಟ್ ತೊಳೆತಕ್ಕೆ ಅದು ಜಗ್ಗುವುದಿಲ್ಲ. ಪ್ರಬಲ ಆಮ್ಲ ಹಾಕಿದರೆ ವೆನೇಡಿಯಂ ಜೊತೆ ಅಮಿಡಾಕ್ಸೈಮೂ ಹಾಳು. ಬಿಟ್ಟರೆ ಮುಂದಿನ ಸುತ್ತಿಗೆ ಜಾಗ ಕಡಿಮೆ.

ಪ್ರಕೃತಿಯ ಕಡೆ ನೋಡಲು ಇದೇ ಕಾರಣ. ಬಂಡೆಗೆ ಅಂಟಿ ಕೂರುವ ಚೀಲದಂಥ ಅಸಿಡಿಯನ್ ಎಂಬ ಜೀವಿಯ ರಕ್ತದಲ್ಲಿ ವೆನೇಡಿಯಂ ಇರುವುದನ್ನು ಮಾರ್ಟಿನ್ ಹೆನ್ಜೆ 1911ರಲ್ಲೇ ಕಂಡುಹಿಡಿದ. ಕೆಲವು ಜಾತಿಗಳಲ್ಲಿ ಅದರ ಸಾಂದ್ರತೆ ಕಡಲ ನೀರಿನ ಕೋಟಿ ಪಟ್ಟು. ವೆನಾಬಿನ್ ಎಂಬ ಪ್ರೋಟೀನುಗಳು ಲೋಹವನ್ನು ಹಿಡಿಯುತ್ತವೆ, ನಿಜ. ಆದರೆ ಅದರ ಗುಟ್ಟು ಬರೀ ಹಿಡಿತದಲ್ಲಿಲ್ಲ. ಈ ಜೀವಿ ಹಗಲೂ ರಾತ್ರಿ ನೀರನ್ನು ತನ್ನ ಮೂಲಕ ಹಾಯಿಸುತ್ತಿರುತ್ತದೆ. ಒಳಗೆ ಬಂದ ವೆನೇಡಿಯಂನ ಉತ್ಕರ್ಷಣ ಸ್ಥಿತಿಯನ್ನು ಐದರಿಂದ ಮೂರಕ್ಕೆ ಇಳಿಸಿ, ಆಮ್ಲ ತುಂಬಿದ ಕೋಶಚೀಲದಲ್ಲಿ ಕೂಡಿಹಾಕುತ್ತದೆ. ರೂಪ ಬದಲಾದ ಮೇಲೆ ಅದು ಬಂದ ದಾರಿಯಲ್ಲಿ ಹಿಂತಿರುಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಯಿ ಕುಯಿ ತಂಡ 2017ರಲ್ಲಿ ಅಮಿಡಾಕ್ಸೈಮ್ ಲೇಪಿಸಿದ ವಿದ್ಯುದ್ವಾರಕ್ಕೆ ಬಿಟ್ಟುಬಿಟ್ಟು ವಿದ್ಯುತ್ ಕೊಟ್ಟು ಯುರೇನಿಯಂ ಅನ್ನು ಘನರೂಪಕ್ಕೆ ಇಳಿಸಿದ್ದೂ ಇದೇ ತರ್ಕದ್ದು, ಅಸಿಡಿಯನ್ ಹೆಸರು ಎತ್ತದಿದ್ದರೂ.

ಅಂಟುವ ವಿದ್ಯೆ ಕಲಿಸಿದ್ದು ನೀಲಿಕಲ್ಲು ಎಂಬ ಚಿಪ್ಪುಜೀವಿ. ಅದರ ಅಂಟಿನಲ್ಲಿರುವ ಕ್ಯಾಟೆಕಾಲ್ ಗುಂಪನ್ನು ಅನುಕರಿಸಿ 2007ರಲ್ಲಿ ಪಾಲಿಡೋಪಮೀನ್ ಲೇಪನ ಬಂತು. ಲೀಟರಿಗೆ 2 ಗ್ರಾಂ ಡೋಪಮೀನ್, 8.5 ಪಿಎಚ್‌ನ ಟ್ರಿಸ್ ದ್ರಾವಣ, ಗಾಳಿ ತಾಗುವ ಪಾತ್ರೆ, ಒಂದು ದಿನ. ದ್ರಾವಣ ಕಂದಾಗಿ, ಕಪ್ಪಾಗಿ, ಮುಳುಗಿಸಿದ ಯಾವ ವಸ್ತುವಿನ ಮೇಲಾದರೂ 50 ನ್ಯಾನೋಮೀಟರ್‌ವರೆಗಿನ ಪದರ ಕೂರುತ್ತದೆ. ಇದನ್ನೇ ಯುರೇನಿಯಂ ಹೀರುವ ವಸ್ತುವೆಂದು ಹೊಗಳುವುದು ನಮಗೆ ಒಪ್ಪಿಗೆಯಿಲ್ಲ: ಕ್ಯಾಟೆಕಾಲ್‌ಗೆ ಕಬ್ಬಿಣ, ತಾಮ್ರದ ಮೇಲೂ ಅಷ್ಟೇ ಪ್ರೀತಿ, ಆಮ್ಲಜನಕಕ್ಕೆ ಸಿಕ್ಕಿ ಕ್ವಿನೋನ್ ಆದರೆ ಹಿಡಿತವೂ ಸಡಿಲ. ಅಮಿಡಾಕ್ಸೈಮ್ ಕೂರಿಸಲು ಅಡಿಪದರವಾಗಿ ಮಾತ್ರ ಚೆನ್ನ.

ಬೇಕಾದ ಲೋಹವನ್ನಷ್ಟೇ ಆರಿಸಿ ಹಿಡಿಯುವುದರಲ್ಲಿ ಗೆದ್ದದ್ದು ಪ್ರೋಟೀನ್. ಶಿಕಾಗೋದ ಚುವಾನ್ ಹೆ ಮತ್ತು ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಬೇರೆ ಲೋಹಗಳಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು ಬಿಗಿಯಾಗಿ ಯುರೇನಿಯಂ ಹಿಡಿಯುವ ಪ್ರೋಟೀನ್ ರೂಪಿಸಿದರು. ಚೀನಾದ ಹೈನಾನ್ ವಿಶ್ವವಿದ್ಯಾಲಯದವರು 2019ರಲ್ಲಿ ಅದನ್ನು ಜೇಡರ ರೇಷ್ಮೆಯ ಪ್ರೋಟೀನಿಗೆ ಜೋಡಿಸಿ ನಾರು ಮಾಡಿದರು: ಮೂರೂವರೆ ದಿನಕ್ಕೆ ಗ್ರಾಂಗೆ 12.33 ಮಿಲಿಗ್ರಾಂ. ಅದ್ಭುತ ಅಂಕಿ. ಆದರೆ ಬ್ಯಾಕ್ಟೀರಿಯಾ ಸಾಕಿ ಪ್ರೋಟೀನ್ ತೆಗೆಯುವ ಖರ್ಚು ಪಾಲಿಎಥಿಲೀನಿಗೆ ಹತ್ತಿರವೂ ಬರುವುದಿಲ್ಲ, ಕಡಲಲ್ಲಿ ಅದನ್ನು ತಿನ್ನುವ ಸೂಕ್ಷ್ಮಜೀವಿಗಳೂ ಇವೆ.

ಬೆಚ್ಚಗಿನ ನೀರಲ್ಲಿ ನಾರು ಹೆಚ್ಚು ಹೀರುತ್ತದೆ. ಹಾಗಾದರೆ ನಮ್ಮ ಅರಬ್ಬಿ ಸಮುದ್ರವೇ ಸರಿ ಎನ್ನಬಹುದು. ಬೆಚ್ಚಗಿದ್ದು ಬಿಸಿಲು ಬಿದ್ದರೆ ಪಾಚಿ, ಬಾರ್ನಕಲ್ ಎಂಬ ಅಂಟಿಕೊಳ್ಳುವ ಚಿಪ್ಪುಜೀವಿ ಕೂಡ ಅಷ್ಟೇ ಬೇಗ ಮುತ್ತುತ್ತವೆ. ಬೆಳಕಿನಲ್ಲಿ ಪಾಚಿ ಕಟ್ಟಿದ ನಾರಿನ ಗಳಿಕೆ ಶೇ. 30ರಷ್ಟು ಕುಸಿದದ್ದುಂಟು. ಬೆಳಕು ತಲುಪದ ಆಳಕ್ಕೆ ಇಳಿಸಿದರೆ ನೀರು ತಂಪು. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಹೊಸ ವಸ್ತುವಿನ ಸುದ್ದಿ ಓದುವಾಗ ಮೊದಲು ನೀರು ಯಾವುದೆಂದು ನೋಡಿ. ಗ್ರಾಂಗೆ ನೂರಾರು ಮಿಲಿಗ್ರಾಂ ಎಂದಿದ್ದರೆ ಅದು ಬಹುತೇಕ ಯುರೇನಿಯಂ ಸುರಿದು ಸಾವಿರಾರು ಪಟ್ಟು ದಟ್ಟ ಮಾಡಿದ ನೀರು. ನಿಜ ಕಡಲ ನೀರು, ವಾರಗಳ ಲೆಕ್ಕ, ವೆನೇಡಿಯಂ ಎಷ್ಟು ಕೂತಿತು, ಐದಾರು ಸಲ ತೊಳೆದ ಮೇಲೆ ಎಷ್ಟು ಉಳಿಯಿತು, ಇವಿಷ್ಟಿಲ್ಲದಿದ್ದರೆ ಮುಂದಿನ ಪುಟಕ್ಕೆ ಹೋಗಬಹುದು.

ಇದರ ಬೆನ್ನಿಗೇ ಬರುವ ಪ್ರಶ್ನೆ: ಸ್ಥಾವರಗಳು ತಣಿಸಲು ಕಡಲ ನೀರನ್ನು ಹೇಗೂ ಪಂಪ್ ಮಾಡುತ್ತವಲ್ಲ, ಆ ಕಾಲುವೆಯಲ್ಲೇ ನಾರು ಕಟ್ಟಬಾರದೇ? ನಮ್ಮ ಭಾಭಾ ಪರಮಾಣು ಸಂಶೋಧನಾ ಕೇಂದ್ರ ತಾರಾಪುರದ ಕಾಲುವೆಯಲ್ಲಿ ಕಟ್ಟಿ ನೋಡಿದೆ. ಸಿಕ್ಕಿದ್ದು ಮಿಲಿಗ್ರಾಂ ಲೆಕ್ಕದಲ್ಲಿ. 1,000 ಮೆಗಾವ್ಯಾಟ್ ಸ್ಥಾವರ ಸೆಕೆಂಡಿಗೆ 50 ಘನ ಮೀಟರ್ ಹಾಯಿಸುತ್ತದೆಂದರೆ ವರ್ಷಕ್ಕೆ ಆ ನೀರಲ್ಲಿ ಹರಿದುಹೋಗುವ ಯುರೇನಿಯಂ ಎಲ್ಲ ಸೇರಿ 5 ಟನ್. ಸ್ಥಾವರಕ್ಕೆ ಬೇಕಾದದ್ದು ಸುಮಾರು 200. ಮೇಲಾಗಿ ಕೊಳವೆಯಲ್ಲಿ ಜೀವಿಗಳು ಕಟ್ಟದಿರಲೆಂದು ಆ ನೀರಿಗೆ ಕ್ಲೋರಿನ್ ಬಿಡುತ್ತಾರೆ, ಅದು ಅಮಿಡಾಕ್ಸೈಮನ್ನೂ ಬಿಡುವುದಿಲ್ಲ.