ಅಗ್ರಹಾರದ ಹಳೇ ಮನೆಗೆ ಹೋಗುವ ಮುನ್ನ

ಮೈಸೂರಿನ ಅಗ್ರಹಾರದಿಂದ ಅರಮನೆ, ದೇವರಾಜ ಮಾರುಕಟ್ಟೆ ಎರಡಕ್ಕೂ ನಡೆದೇ ಹೋಗಬಹುದು. ಹಳೇ ಹೆಂಚಿನ ಮನೆ ಸಿಕ್ಕರೆ ಮಳೆಗಾಲದಲ್ಲೇ ಹೋಗಿ ನೋಡಿ. ಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಬಿಳಿ ಉಪ್ಪು ಒಡೆದಿದ್ದರೆ, ಸುಣ್ಣದ ಗಾರೆಯ ಮೇಲೆ ಯಾರೋ ಸಿಮೆಂಟ್ ಬಳಿದಿರಬಹುದು. ನೆಲದಿಂದ ಏರಿದ ತೇವ ಸುಣ್ಣದಲ್ಲಾದರೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟು ಇಟ್ಟಿಗೆಯನ್ನು ಪುಡಿಯಾಗಿಸುತ್ತದೆ. ಒಳ್ಳೆಯ ಗೋಡೆಗಳು ಹೀಗೇ ಹಾಳಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಿಮೆಂಟ್ ಕೆತ್ತಿಸಿ, ಕೆಲವು ವಾರ ಒಣಗಲು ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹಾಕಿಸಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ, ಸುಣ್ಣ ಸಾಕು. ತೊಲೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆತವೋ ಇದೆ. ಕಾರಿದ್ದರೆ ನಿಲ್ಲಿಸುವ ಜಾಗ ಮೊದಲೇ ಕೇಳಿಕೊಳ್ಳಿ. ಜಂಬೂಸವಾರಿಯ ದಿನವಂತೂ ಅರಮನೆ ಸುತ್ತ ವಾಹನ ಬಿಡುವುದಿಲ್ಲ.